ಮಾತಾಡಲಾರದ ರೋಗಿಗಳ ವೈದ್ಯನಾದ ಚಾರ್ಲ್ಸ್ ವೆಸ್ಟನ ಚರಿತ್ರೆ

ದೊಡ್ಡವನೊಬ್ಬನು ಜಡ್ಡಿನಲ್ಲಿ ಬಿದ್ದರೆ ತನಗೆ ನೋವು ಎಲ್ಲಿಯದೆಂದು ಹೇಳುತ್ತಾನೆ. ನೀರು ಬೇಕಾದರೆ ಕೇಳುತ್ತಾನೆ. ಔಷಧವು ಹಿಡಿಸದಿದ್ದರೆ ಅದನ್ನೂ ತಿಳಿಸುತ್ತಾನೆ. ಎಂಟು ತಿಂಗಳ ಕೂಸಿಗೆ ಇವುಗಳಲ್ಲಿ ಒಂದೂ ಕೂಡದು. ಅದು ಅಳುತ್ತದೆ, ಇಲ್ಲವೆ ಅಳುವದನ್ನು ನಿಲ್ಲಿಸುತ್ತದೆ. ಅದರ ಭಾಷೆ ಇಷ್ಟೇ. ಈ ಭಾಷೆಯನ್ನು ಕಲಿಯುವದು ವೈದ್ಯನಿಗೆ ತಕ್ಕ ಕೆಲಸವಲ್ಲವೆಂದೂ ಅದು ಹೆಂಗಸರ ಅಡಿಗೆಮನೆಯ ಮಾತೆಂದೂ ಎಣಿಸುತ್ತಿದ್ದ ಕಾಲದಲ್ಲಿ, ಒಬ್ಬ ವೈದ್ಯನು ತನ್ನ ಆಯುಷ್ಯದ ಒಳ್ಳೇ ವರ್ಷಗಳನ್ನೆಲ್ಲಾ ಅದನ್ನು ಕಲಿಯುವದಕ್ಕೂ ದಾದಿಯರಿಗೂ ತಾಯಂದಿರಿಗೂ ಕಲಿಸುವದಕ್ಕೂ ಕೊಟ್ಟನು. ಲಂಡನ್ ಪಟ್ಟಣದ ಮಕ್ಕಳ ಆಸ್ಪತ್ರೆಯನ್ನು ಸ್ಥಾಪಿಸಿದ ಚಾರ್ಲ್ಸ್ ವೆಸ್ಟನೆಂಬವನು ಇವನೇ. ಇವನ ಚರಿತ್ರೆಯನ್ನು ನಮ್ಮ ವಾಚಕರಿಗೆ, ಮುಖ್ಯವಾಗಿ ಮನೆಯಲ್ಲಿ ಚಿಕ್ಕ ಮಕ್ಕಳುಳ್ಳವರಿಗೆ, ಈ ಸಾರಿ ಹೇಳಲಿಕ್ಕೆ ಮನಸ್ಸು ಮಾಡಿದ್ದೇವೆ.

ವೆಸ್ಟನು 1816ನೇ ಇಸವಿ ಅಗೋಸ್ತು ತಿಂಗಳಲ್ಲಿ ಲಂಡನಿನಲ್ಲಿ ಹುಟ್ಟಿದನು. ಅವನ ತಂದೆಯು ಬ್ಯಾಪ್ಟಿಸ್ಟ್ ಸಭೆಯವನು. ದೀಕ್ಷೆ ಹೊಂದಿದ ಬೋಧಕನಲ್ಲದಿದ್ದರೂ ಪ್ರಸಂಗ ಮಾಡುತ್ತಿದ್ದನು, ಮತ್ತು ಅಮರ್ಶಂ ಎಂಬ ಊರಲ್ಲಿ ಹುಡುಗರಿಗಾಗಿ ಒಂದು ಶಾಲೆಯನ್ನು ನಡಿಸುತ್ತಿದ್ದನು. ಮಗನು ಆ ಶಾಲೆಯಲ್ಲಿಯೇ ಓದಿ, ಹದಿನೈದನೆಯ ವಯಸ್ಸಿನಲ್ಲಿ ಅದೇ ಊರಿನ ಒಬ್ಬ ವೈದ್ಯನ ಕೈಕೆಳಗೆ ಕೆಲಸ ಕಲಿಯಲಿಕ್ಕೆ ಸೇರಿದನು. 1833ರಲ್ಲಿ ಲಂಡನಿನ ಸಂತ ಬಾರ್ಥೊಲೊಮಾಯನ ಆಸ್ಪತ್ರೆಗೆ ವಿದ್ಯಾರ್ಥಿಯಾಗಿ ಹೋದನು. ಅಲ್ಲಿಂದ ಮುಂದೆ ಆಕ್ಸ್‌ಫರ್ಡಿಗೆ ಹೋಗಬೇಕೆಂದರೆ ಬಾಗಿಲು ಮುಚ್ಚಿತ್ತು. ಯಾಕಂದರೆ ಆ ದಿನಗಳಲ್ಲಿ ಇಂಗ್ಲೆಂಡ್ ಸಭೆಯ 39 ಕಟ್ಟಳೆಗಳಿಗೆ ಸಹಿ ಹಾಕದವನನ್ನು ಆ ವಿದ್ಯಾಪೀಠವು ಸೇರಿಸಿಕೊಳ್ಳುತ್ತಿರಲಿಲ್ಲ. ಬ್ಯಾಪ್ಟಿಸ್ಟರ ಮಗನು ಎಷ್ಟು ಬುದ್ಧಿಯುಳ್ಳವನಾದರೂ ಹೊರಗೇ ನಿಲ್ಲಬೇಕಾಗಿತ್ತು. ಹೀಗಿರಲಾಗಿ ಅವನು ಸಮುದ್ರ ದಾಟಿ ಬಾನ್, ಪಾರೀಸ್, ಬರ್ಲಿನ್ ಪಟ್ಟಣಗಳಲ್ಲಿ ಓದಿ, 1837ರಲ್ಲಿ ಬರ್ಲಿನಿನಲ್ಲಿ ವೈದ್ಯ ಪದವಿಯನ್ನು ಪಡೆದನು.

ಈ ತಡೆಯಿಂದ ಒಂದು ಲಾಭವಾಯಿತೆಂದು ನಮಗೆ ತೋರುತ್ತದೆ. ಪಾರೀಸಿನಲ್ಲಿ 1802ರಿಂದಲೇ ಮಕ್ಕಳಿಗೋಸ್ಕರ ಪ್ರತ್ಯೇಕವಾದ ದೊಡ್ಡ ಆಸ್ಪತ್ರೆಯೊಂದಿತ್ತು. ಲೋಕದಲ್ಲಿಯೇ ಐಶ್ವರ್ಯವುಳ್ಳ ಪಟ್ಟಣವೆನಿಸಿಕೊಂಡ ಲಂಡನಿನಲ್ಲಿಯಾದರೋ ಅಂಥದು ಒಂದೂ ಇರಲಿಲ್ಲ. ಆಕ್ಸ್‌ಫರ್ಡಿನಲ್ಲಿಯೇ ಓದಿ ಮುಗಿಸಿದವನಿಗೆ ಈ ಕೊರತೆಯು ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ!

ಸ್ವದೇಶಕ್ಕೆ ತಿರಿಗಿ ಬಂದ ಮೇಲೆ ಅವನು ಲಂಡನಿನಲ್ಲಿ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ, ಬಡವರು ಕಿಕ್ಕಿರಿದು ವಾಸಿಸುತ್ತಿದ್ದ ಲ್ಯಾಂಬೆತ್ ಭಾಗದಲ್ಲಿದ್ದ ಮಕ್ಕಳ ಔಷಧಶಾಲೆಯಲ್ಲಿ ಕೆಲಸಕ್ಕೆ ಹತ್ತಿದನು. 1842ರಲ್ಲಿ ಅದರ ವೈದ್ಯನಾಗಿ ನೇಮಿಸಲ್ಪಟ್ಟನು. ಅಲ್ಲಿ ಹಾಸಿಗೆಗಳಿರಲಿಲ್ಲ. ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಸುತ್ತಿ ತರುವರು, ಔಷಧ ಕೊಂಡು ಹೋಗುವರು. ಮನೆಯಲ್ಲಿ ಏನಾಯಿತೆಂದು ಅನೇಕ ಸಾರಿ ವೈದ್ಯನಿಗೆ ತಿಳಿಯುತ್ತಲೇ ಇರಲಿಲ್ಲ. ಒಂಭತ್ತು ವರ್ಷಗಳಲ್ಲಿ ಸುಮಾರು 14,000 ಮಕ್ಕಳು ಅವನ ಕಣ್ಣ ಮುಂದೆ ಹಾದು ಹೋದರು. ಅವರಲ್ಲಿ 600 ಮಂದಿಯ ರೋಗದ ನಡಿಕೆಯನ್ನು ಅವನು ಬರೆದಿಟ್ಟನು. ಸತ್ತವರಲ್ಲಿ 180 ಮಕ್ಕಳ ದೇಹಗಳನ್ನು ಪರೀಕ್ಷಿಸಿ ರೋಗವು ಒಳಗೆ ಎಲ್ಲಿ ಕೂತಿತ್ತೆಂದು ನೋಡಿದನು. ಇದು ಮನಸ್ಸಿಗೆ ಸುಖ ಕೊಡುವ ಕೆಲಸವಲ್ಲ. ಆದರೂ ಬದುಕಿದ್ದಾಗ ಆ ಕೂಸು ಅತ್ತ ರೀತಿಗೂ, ಒಳಗಿದ್ದ ರೋಗಕ್ಕೂ ಸಂಬಂಧವುಂಟೆಂಬದು ಅವನಿಗೆ ತಿಳಿದದ್ದು ಹೀಗೆಯೇ. 1847ರಲ್ಲಿ ಈ ವಿಷಯವಾಗಿ ವಿದ್ಯಾರ್ಥಿಗಳಿಗೆ ಉಪನ್ಯಾಸ ಮಾಡಿ, ಮರುವರ್ಷ ಅವುಗಳನ್ನು ಪುಸ್ತಕವಾಗಿ ಅಚ್ಚು ಮಾಡಿಸಿದನು. ಅದು ಅನೇಕ ಭಾಷೆಗಳಿಗೆ ತರ್ಜುಮೆಯಾಯಿತು.

ಆ ಕಾಲದ ಲಂಡನಿನ ಲೆಕ್ಕವನ್ನು ಕೇಳಿದರೆ ನಮ್ಮ ವಾಚಕರು ಬೆರಗಾಗುವರು. 1843ರ ಸುಮಾರಿಗೆ ಆ ಪಟ್ಟಣದಲ್ಲಿ ವರ್ಷಕ್ಕೆ 50,000 ಜನರು ಸಾಯುತ್ತಿದ್ದರು. ಅವರಲ್ಲಿ 21,000 ಮಂದಿ ಹತ್ತು ವರ್ಷದೊಳಗಿನ ಮಕ್ಕಳು. ಆದರೆ ಅಲ್ಲಿನ ಎಲ್ಲಾ ಆಸ್ಪತ್ರೆಗಳಲ್ಲಿ ಮಲಗಿದ್ದ ಸುಮಾರು 2,400 ರೋಗಿಗಳೊಳಗೆ ಈ ಪ್ರಾಯದವರು ಇದ್ದದ್ದು ಬರೇ 26. ಕೈಕಾಲು ಮುರಿದ ಹುಡುಗನನ್ನು ಒಂದು ವೇಳೆ ಸೇರಿಸಿಕೊಂಡಾರು. ಜ್ವರದಲ್ಲಿ ಉರಿಯುವ ಕೂಸನ್ನು ಸೇರಿಸಿಕೊಳ್ಳುವವರಿಲ್ಲ. ಮಕ್ಕಳು ಅತ್ತು ಉಳಿದವರ ನಿದ್ರೆಯನ್ನು ಕೆಡಿಸುವರು, ಒಬ್ಬರ ರೋಗ ಮತ್ತೊಬ್ಬರಿಗೆ ತಗಲುವದು, ತಾಯಿಯಿಂದ ಅಗಲಿಸಿದರೆ ಕೊರಗಿ ಸಾಯುವರು, ಒಂದೊಂದು ಮಗುವಿಗೆ ಒಬ್ಬೊಬ್ಬ ದಾದಿಯು ಬೇಕಾಗುವದು ಎಂಬ ಕಾರಣಗಳನ್ನು ಹೇಳುತ್ತಿದ್ದರು. ಈ ಮಾತುಗಳೆಲ್ಲಾ ಹುಸಿಯಲ್ಲ. ರೋಗಿಗಳ ಶುಶ್ರೂಷೆಯಲ್ಲಿ ಲೋಕಪ್ರಸಿದ್ಧಳಾದ ನೈಟಿಂಗೇಲ್ ಅಮ್ಮನವರು ಕೂಡ ಮಕ್ಕಳನ್ನು ಪ್ರತ್ಯೇಕ ಆಸ್ಪತ್ರೆಯಲ್ಲಿ ಕೂಡಿಸುವದಕ್ಕೆ ಒಪ್ಪಿದವರಲ್ಲ.

ವೆಸ್ಟನು ಮೊದಲು ತಾನಿದ್ದ ಔಷಧಶಾಲೆಯನ್ನೇ ಆಸ್ಪತ್ರೆಯಾಗಿ ಬೆಳಿಸಬೇಕೆಂದು ಪ್ರಯತ್ನಿಸಿದನು. ಅದು ಸಾಗಲಿಲ್ಲ, ಅವನು ಅದನ್ನು ಬಿಟ್ಟನು. ಬಳಿಕ ಮನೆಯಿಂದ ಮನೆಗೆ, ದೊಡ್ಡವರ ಬಾಗಿಲಿಂದ ಬಾಗಿಲಿಗೆ ಹೋಗಿ ಮನವೊಲಿಸಿ, 1850ರಲ್ಲಿ ಒಂದು ಕಮಿಟಿಯನ್ನು ಕೂಡಿಸಿದನು. ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುತ್ತಿದ್ದ ಮಕ್ಕಳ ಪಕ್ಷವಾಗಿ ಪಾರ್ಲಿಮೆಂಟಿನಲ್ಲಿ ಹೋರಾಡಿದ ಶಾಫ್ಟ್ಸ್‌ಬರಿ ಪ್ರಭುವು ಸಹ ಇದಕ್ಕೆ ಕೈಗೊಟ್ಟನು. ಗ್ರೇಟ್ ಆರ್ಮಂಡ್ ಬೀದಿಯಲ್ಲಿ 49ನೇ ನಂಬ್ರದ ಒಂದು ಹಳೇ ದೊಡ್ಡ ಮನೆ ಸಿಕ್ಕಿತು. 1852ನೇ ಇಸವಿ ಫೆಬ್ರವರಿ 14ರಲ್ಲಿ ಹತ್ತು ಮಂಚಗಳೊಂದಿಗೆ ಅದರ ಬಾಗಿಲು ತೆರೆಯಿತು.

ಬಾಗಿಲು ತೆರೆದರೂ ಒಳಗೆ ಬರುವವರು ಕಡಿಮೆ. ಬಡ ತಾಯಂದಿರಿಗೆ ಆಸ್ಪತ್ರೆಯೆಂದರೆ ಸಾಯುವವರ ಮನೆ. ಅಲ್ಲಿಗೆ ಕೂಸನ್ನು ಒಪ್ಪಿಸಿ ಬರಿಗೈಯಲ್ಲಿ ಹಿಂದಿರುಗಬೇಕೆಂದರೆ ಯಾವ ತಾಯಿಗೆ ಧೈರ್ಯ ಬಂದೀತು? ಇಂಥ ಭಯವನ್ನು ನಮ್ಮ ಹಳ್ಳಿಗಳಲ್ಲಿಯೂ ಬಲ್ಲೆವು, ಅದನ್ನು ಅಜ್ಞಾನವೆಂದು ನಗುವದು ನ್ಯಾಯವಲ್ಲ. ಒಂದು ಮಗು ಗುಣವಾಗಿ ಮನೆಗೆ ಹೋದದ್ದನ್ನು ನೆರೆಯವರು ಕಂಡ ಹಾಗೆಲ್ಲಾ ಭಯವು ಸ್ವಲ್ಪ ಸ್ವಲ್ಪವಾಗಿ ಕರಗಿತು. ಕೆಲವು ವರ್ಷಗಳಲ್ಲಿ ಸ್ಥಳ ಸಾಲದೆ, ಹಣವೂ ಸಾಲದೆ ಆಸ್ಪತ್ರೆಯು ಕಷ್ಟಕ್ಕೆ ಬಂತು. ಆಗ ಪ್ರಸಿದ್ಧ ಗ್ರಂಥಕರ್ತನಾದ ಚಾರ್ಲ್ಸ್ ಡಿಕ್ಕನ್ಸನು 1858ನೇ ಇಸವಿ ಫೆಬ್ರವರಿ 9ರಲ್ಲಿ ಒಂದು ಔತಣಕೂಟದಲ್ಲಿ ಈ ಮಕ್ಕಳ ಪರವಾಗಿ ಮಾತಾಡಿದಾಗ, ಆ ಒಂದೇ ರಾತ್ರಿಯಲ್ಲಿ 3,000 ಪೌಂಡಿಗಿಂತ ಹೆಚ್ಚು ಹಣ ಕೂಡಿತು. ಪಕ್ಕದ ಮನೆಯನ್ನೂ ಕೊಂಡುಕೊಂಡರು. ಮಂಚಗಳು 75ಕ್ಕೆ ಏರಿದವು.

ಆಸ್ಪತ್ರೆಯನ್ನು ಸ್ಥಾಪಿಸುವಾಗ ಮೂರು ಉದ್ದೇಶಗಳನ್ನು ಬರೆದಿಟ್ಟಿದ್ದರು: ಬಡವರ ಮಕ್ಕಳಿಗೆ ಚಿಕಿತ್ಸೆ ಮಾಡುವದು, ಮಕ್ಕಳ ರೋಗಗಳ ತಿಳುವಳಿಕೆಯನ್ನು ಹೆಚ್ಚಿಸಿ ಹಬ್ಬಿಸುವದು, ಮಕ್ಕಳ ಶುಶ್ರೂಷೆಗಾಗಿ ಹೆಂಗಸರನ್ನು ತರಬೇತು ಮಾಡುವದು. ಮೊದಲಿನೆರಡು ಉದ್ದೇಶಗಳನ್ನು ಯಾವ ವೈದ್ಯನಾದರೂ ಬರೆದಾನು. ಮೂರನೆಯದರಲ್ಲಿ ವೆಸ್ಟನ ಮನಸ್ಸು ಕಾಣುತ್ತದೆ. ವೈದ್ಯನು ದಿನಕ್ಕೆ ಒಂದೆರಡು ಸಾರಿ ಬಂದು ಹೋಗುವವನು. ಇರುಳೆಲ್ಲಾ ಮಗುವಿನ ಪಕ್ಕದಲ್ಲಿ ಕೂತಿರುವವಳು ದಾದಿ, ಮನೆಯಲ್ಲಾದರೆ ತಾಯಿ. ಅವಳ ಕಣ್ಣು ಕುರುಡಾದರೆ ವೈದ್ಯನ ಕಣ್ಣೂ ಕುರುಡೇ. ಇದನ್ನರಿತು ಅವನು 1854ರಲ್ಲಿ ಜಡ್ಡಿನ ಮಕ್ಕಳ ಶುಶ್ರೂಷೆಯನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ದಾದಿಯರಿಗಾಗಿ ಸುಲಭ ಮಾತಿನಲ್ಲಿ ಬರೆದು, ಅದರ ಆದಾಯವನ್ನು ಆಸ್ಪತ್ರೆಗೇ ಬಿಟ್ಟನು.

ಅವನು ಕಲಿಸಿದ್ದರಲ್ಲಿ ಕೆಲವನ್ನು ನಮ್ಮ ಮಾತಿನಲ್ಲಿ ಇಲ್ಲಿ ಹೇಳುತ್ತೇವೆ. ಮಕ್ಕಳನ್ನು ಪ್ರೀತಿಸದವಳು ಈ ಕೆಲಸಕ್ಕೆ ಬರಲೇಬಾರದೆಂಬದು ಅವನ ಮೊದಲನೇ ನಿಯಮ. ಜಡ್ಡಿನ ಮಗುವನ್ನು ನೋಡಲಿಕ್ಕೆ ಬಂದವನು ಕೂಡಲೆ ಅದರ ಮೇಲೆ ಕೈ ಹಾಕಬಾರದು. ಮೊದಲು ತಾಯಿಯ ಸಂಗಡ ಮಾತಾಡುತ್ತಾ ಇರಬೇಕು. ಅಷ್ಟರಲ್ಲಿ ಮಗುವಿಗೆ ಹೊಸ ಮುಖದ ರೂಢಿಯಾಗುವದು. ತಾಯಿ ಹೇಳುವದು ಉದ್ದವಾದರೂ, ಅದರಲ್ಲಿ ಬೇಡದ ಮಾತುಗಳು ಸೇರಿದ್ದರೂ ತಾಳ್ಮೆಯಿಂದ ಕೇಳಬೇಕು. ಮಗು ಮಲಗಿದ್ದರೆ ಎಬ್ಬಿಸಬಾರದು. ಅದೇ ಒಳ್ಳೇ ಸಮಯ. ಉಸಿರನ್ನು ಎಣಿಸಬಹುದು, ನಾಡಿಯನ್ನು ನೋಡಬಹುದು, ಕಣ್ಣು ಪೂರಾ ಮುಚ್ಚಿದೆಯೋ ಅರ್ಧ ತೆರೆದಿದೆಯೋ, ಹಲ್ಲು ಕಡಿಯುತ್ತದೋ, ಹೆಬ್ಬೆರಳು ಅಂಗೈಯೊಳಗೆ ಮಡಚಿದೆಯೋ ಎಂದು ನೋಡಬಹುದು. ಹೊಟ್ಟೆಯನ್ನು ಮುಟ್ಟುವ ಮುಂಚೆ ಕೈಯನ್ನು ಬೆಚ್ಚಗೆ ಮಾಡಿಕೊಳ್ಳಬೇಕು. ಬಾಯನ್ನೂ ಗಂಟಲನ್ನೂ ಕಟ್ಟಕಡೆಗೆ ನೋಡಬೇಕು, ಯಾಕಂದರೆ ಅದರಿಂದ ಮಗು ಅಳುವದು ನಿಶ್ಚಯ. ಅತ್ತ ಮೇಲೆ ಬೇರೆ ಏನನ್ನೂ ನೋಡಗೊಡದು.

ಅಳುವಿನ ವಿಷಯದಲ್ಲಿ ಅವನು ಬಹಳ ಸೂಕ್ಷ್ಮವಾಗಿ ಗಮನಿಸಿದ್ದನು. ಹೊಟ್ಟೆನೋವಿನ ಕೂಸು ಗಟ್ಟಿಯಾಗಿ, ಬಹಳ ಹೊತ್ತು, ಕಣ್ಣೀರು ಸುರಿಸಿ ಅಳುತ್ತದೆ. ಕಾಲುಗಳನ್ನು ಹೊಟ್ಟೆಗೆ ಎಳಕೊಳ್ಳುತ್ತದೆ. ಎದೆಯಲ್ಲಿ ಉರಿಯೂತವಿರುವ ಕೂಸಿಗೆ ಗಟ್ಟಿಯಾಗಿ ಅಳುವದಕ್ಕೆ ಉಸಿರಿಲ್ಲ, ಅತ್ತರೆ ಕೆಮ್ಮು ಬಂದೀತೆಂಬ ಹೆದರಿಕೆ ಬೇರೆ. ಆದದರಿಂದ ಅದರ ಅಳು ಮೊಟಕಾಗಿಯೂ ಅದುಮಿದಂತೆಯೂ ಇರುವದು, ಕಣ್ಣೀರು ಕಾಣದು. ಮಿದುಳಿನ ರೋಗದಲ್ಲಿಯಾದರೋ ಮಗು ಸುಮ್ಮನೆ ನರಳುತ್ತಾ ಬಿದ್ದಿದ್ದು ನಡುನಡುವೆ ಚುಚ್ಚಿದ ಹಾಗೆ ಚೀರುತ್ತದೆ. ಈ ಮೂರರಲ್ಲಿ ಗಟ್ಟಿಯಾಗಿ ಅಳುವ ಕೂಸನ್ನು ಮನೆಯವರೆಲ್ಲಾ ಎತ್ತಿಕೊಳ್ಳುತ್ತಾರೆ. ಮೊಟಕಾಗಿ ಅಳುವ ಕೂಸು ಸಮಾಧಾನವಾಗಿದೆಯೆಂದು ಎಣಿಸಿ ಹೊಲಕ್ಕೆ ಹೋಗಿಬಿಡುತ್ತಾರೆ. ಅಪಾಯವು ಹೆಚ್ಚಾಗಿ ಇರುವದು ಈ ಎರಡನೆಯದರಲ್ಲಿಯೇ.

ಇನ್ನೊಂದು ಮಾತನ್ನು ಅವನು ಬಲವಾಗಿ ಹಿಡಿದಿದ್ದನು: ಜಡ್ಡಿನ ಮಗುವಿಗೆ ಸುಳ್ಳು ಹೇಳಬಾರದು. ಕಹಿ ಔಷಧವನ್ನು ಸಿಹಿಯೆಂದು ಹೇಳಿ ಬಾಯಿಗೆ ಹಾಕಿದರೆ ಅದು ಒಂದು ಸಾರಿ ಕುಡಿದೀತು. ಎರಡನೆಯ ಸಾರಿ ಔಷಧವನ್ನು ಮಾತ್ರವಲ್ಲ, ಕೊಡುವ ಕೈಯನ್ನೇ ತಳ್ಳಿಬಿಡುವದು. ಹಾಲು ಕೊಟ್ಟರೂ ಸಂಶಯಪಡುವದು. ಕಹಿಯಾಗಿದೆ, ಆದರೂ ಕುಡಿಯಬೇಕು, ನಾನು ಹತ್ತಿರ ಇರುವೆನೆಂದು ನಿಜ ಹೇಳುವವಳಿಂದ ಮಗು ತೆಗೆದುಕೊಳ್ಳುವದು. ನಮ್ಮ ಮನೆಗಳಲ್ಲಿ ಡಾಕ್ಟರನನ್ನು ಗುಮ್ಮನ ಹಾಗೆ ತೋರಿಸಿ, ಊಟ ಮಾಡದಿದ್ದರೆ ಸೂಜಿ ಚುಚ್ಚಿಸುವೆವೆಂದು ಹೆದರಿಸುವ ವಾಡಿಕೆಯುಂಟಷ್ಟೆ. ಅದೇ ಮಗುವನ್ನು ಒಂದು ದಿನ ಜ್ವರದಲ್ಲಿ ಆ ಡಾಕ್ಟರನ ಬಳಿಗೇ ಒಯ್ಯಬೇಕಾಗುವದು!

ವೆಸ್ಟನು ಎಲ್ಲವನ್ನೂ ಸರಿಯಾಗಿ ತಿಳಿದವನಾಗಿದ್ದನೆಂದು ನಾವು ಹೇಳುವದಿಲ್ಲ. ರೋಗವನ್ನು ಹಬ್ಬಿಸುವ ಕ್ರಿಮಿಗಳ ತಿಳುವಳಿಕೆಯು ಅವನು ಪುಸ್ತಕ ಬರೆದಾಗ ಇನ್ನೂ ಹುಟ್ಟಿರಲಿಲ್ಲ. ಎದೆಯ ಉರಿಯೂತವುಳ್ಳ ಮಕ್ಕಳಿಗೆ ಜಿಗಣೆ ಹಚ್ಚಿ ರಕ್ತ ತೆಗೆಯುವದು, ಪಾದರಸ ಕೂಡಿದ ಮದ್ದು ಕೊಡುವದು ಆಗಿನ ಪದ್ಧತಿ. ಅವನೂ ಹಾಗೆಯೇ ಮಾಡಿದನು. ಅದರಿಂದ ಮಕ್ಕಳಿಗೆ ಹಿತಕ್ಕಿಂತ ಕೇಡೇ ಹೆಚ್ಚಾಯಿತೆಂದು ಈಗ ತಿಳಿದದೆ. ಕೂಲಿಗೆ ಹೋಗುವ ತಾಯಂದಿರು ಅಳುವ ಕೂಸಿಗೆ ಅಫೀಮು ಬೆರಸಿದ ಪಾನಕವನ್ನು ಕುಡಿಸಿ ಮಲಗಿಸುವದೂ ಆ ದೇಶದಲ್ಲಿ ಆಗ ಸಾಮಾನ್ಯವಾಗಿತ್ತು. ನಮ್ಮ ಸೀಮೆಯ ಕೆಲವು ಹಳ್ಳಿಗಳಲ್ಲಿ ಕೂಸಿನ ಹೊಟ್ಟೆಯ ಮೇಲೆ ಬರೆ ಹಾಕುವದೂ ಇಂಥದೇ. ಪ್ರೀತಿಯಿಂದಲೇ ಮಾಡುತ್ತಾರೆ, ಕೂಸು ಮಾತ್ರ ಎರಡರಷ್ಟು ನರಳುತ್ತದೆ. ವೆಸ್ಟನ ಮದ್ದುಗಳು ಹೋದವು. ಅವನು ಕಲಿಸಿದ ನೋಡುವ ಕ್ರಮವು ಉಳಿಯಿತು.

ಈ ಕಾಲದ ವೈದ್ಯರು ಹಳ್ಳಿಗಳ ಆರೋಗ್ಯ ಕಾರ್ಯಕರ್ತರಿಗೆ ಕಲಿಸುವದನ್ನು ನೋಡಿರಿ. ಅವನು ನಿದ್ರೆಯಲ್ಲಿರುವ ಕೂಸಿನ ಪಕ್ಕದಲ್ಲಿ ಮಾಡುತ್ತಿದ್ದ ಲೆಕ್ಕವೇ ಅದರಲ್ಲಿ ಮುಖ್ಯ. ಕೆಮ್ಮು ಇರುವ ಮಗು ಸುಮ್ಮನಿರುವಾಗ ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಇಲ್ಲವೆ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದ ವರೆಗೆ 50 ಇಲ್ಲವೆ ಹೆಚ್ಚು, ಒಂದರಿಂದ ಐದು ವರ್ಷದ ವರೆಗೆ 40 ಇಲ್ಲವೆ ಹೆಚ್ಚು ಉಸಿರಾದರೆ ಎದೆಯಲ್ಲಿ ರೋಗವಿದೆಯೆಂದು ಎಣಿಸಿ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಮೊಲೆಹಾಲನ್ನಾಗಲಿ ನೀರನ್ನಾಗಲಿ ಕುಡಿಯಲಾರದ ಮಗು, ಕುಡಿದದ್ದನ್ನೆಲ್ಲಾ ಕಾರುವ ಮಗು, ಸೆಳವು ಬಂದ ಮಗು, ಎಬ್ಬಿಸಿದರೂ ಏಳದೆ ಮಂಕಾಗಿರುವ ಮಗು, ಇವುಗಳನ್ನು ಕಂಡರೆ ಬೆಳಗಾಗಲೆಂದು ಕಾಯಬಾರದು. ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆಂದು ಹೇಳುವ ಹಿರಿಯರು ಇನ್ನೂ ಇದ್ದಾರೆ. ಆದರೆ ಮಗುವನ್ನು ಕೊಲ್ಲುವದು ಮೈಯೊಳಗಿನ ನೀರು ಬತ್ತುವದೇ. ಆರೋಗ್ಯಕೇಂದ್ರದಲ್ಲಿ ಕೊಡುವ ಓ.ಆರ್.ಎಸ್. ಪುಡಿಯ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಕಾರಿದರೆ ಹತ್ತು ನಿಮಿಷ ಬಿಟ್ಟು ಮೆಲ್ಲಗೆ ತಿರಿಗಿ ಕೊಡಬೇಕು. ಮೊಲೆಹಾಲನ್ನು ನಿಲ್ಲಿಸಲೇಬಾರದು. ಅದರೊಂದಿಗೆ ಕೊಡುವ ಸತುವಿನ ಮಾತ್ರೆಯನ್ನು ಭೇದಿ ನಿಂತರೂ 14 ದಿವಸ ಮುಗಿಸತಕ್ಕದ್ದು.

ಚರಿತ್ರೆಗೆ ತಿರಿಗಿ ಬರೋಣ. ವೆಸ್ಟನ ಕಡೇ ವರ್ಷಗಳು ಸಮಾಧಾನವಾಗಿರಲಿಲ್ಲ. ಅವನು ಬ್ಯಾಪ್ಟಿಸ್ಟರ ಮನೆಯಲ್ಲಿ ಬೆಳೆದವನಾದರೂ 1870ರ ದಶಕದಲ್ಲಿ ರೋಮನ್ ಕಥೋಲಿಕ ಸಭೆಯನ್ನು ಸೇರಿದನು. ಅದೇ ದಶಕದಲ್ಲಿ, ತಾನು ಕಟ್ಟಿದ ಆಸ್ಪತ್ರೆಯನ್ನು ನಡಿಸುತ್ತಿದ್ದವರಿಗೂ ಅವನಿಗೂ ಮನಸ್ತಾಪ ಬೆಳೆದು, ಅವನು ಅಲ್ಲಿಂದ ಹೊರಗೆ ಬಂದನು. ಚಿಕ್ಕಂದಿನಲ್ಲಿ ಮತದ ನಿಮಿತ್ತ ಒಂದು ಬಾಗಿಲು ಮುಚ್ಚಿತ್ತು. ಮುದಿಪ್ರಾಯದಲ್ಲಿ ತಾನೇ ತೆರೆದ ಬಾಗಿಲನ್ನು ಬಿಟ್ಟು ಹೋಗಬೇಕಾಯಿತು. ಅವನ ಮತಾಂತರವನ್ನು ನಮ್ಮ ವಾಚಕರು ಹೇಗಾದರೂ ಎಣಿಸಲಿ, ಇಷ್ಟು ವರ್ಷ ದುಡಿದವನು ಹೀಗೆ ಅಗಲಿ ಹೋದದ್ದು ನಮಗೆ ದುಃಖಕರವಾಗಿ ತೋರುತ್ತದೆ. ಅಷ್ಟಾದರೂ ಅವನು ಲೇಖನಿಯನ್ನು ಕೆಳಗಿಡಲಿಲ್ಲ. 1885ರಲ್ಲಿ ಮಕ್ಕಳ ರೋಗಗಳನ್ನು ಕುರಿತು ತಾಯಂದಿರಿಗಾಗಿಯೇ ಒಂದು ಪುಸ್ತಕವನ್ನು ಹೊರಡಿಸಿದನು.

ಅವನು ಬರೆದಿಟ್ಟ ಮೂರನೇ ಉದ್ದೇಶವು ಅವನು ಹೊರಟು ಹೋದ ಮೇಲೆ ಪೂರ್ಣವಾಗಿ ನೆರವೇರಿತು. 1878ರಲ್ಲಿ ಆ ಆಸ್ಪತ್ರೆಯ ಮೇಲ್ವಿಚಾರಕಿಯಾದ ಕ್ಯಾಥರಿನ್ ವುಡ್ ಎಂಬವಳು ಮಕ್ಕಳ ದಾದಿಯರಿಗಾಗಿ ಕ್ರಮವಾದ ತರಬೇತಿಯನ್ನು ಆರಂಭಿಸಿದಳು. ವೆಸ್ಟನು 1898ನೇ ಇಸವಿ ಮಾರ್ಚ್ 19ರಲ್ಲಿ ಪಾರೀಸಿನಲ್ಲಿ ತೀರಿಕೊಂಡನು. ಆಗ ಅವನಿಗೆ 81 ವರ್ಷ.

ಅವನು ಇಟ್ಟಿದ್ದ ಒಂದು ನಿಯಮವನ್ನು ಹೇಳದೆ ಬಿಡಲಾರೆವು. ಎರಡು ವರ್ಷದೊಳಗಿನ ಕೂಸುಗಳನ್ನು ವಿಶೇಷ ಕಾರಣವಿಲ್ಲದೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುತ್ತಿರಲಿಲ್ಲ. ಅಂಥ ಕೂಸಿಗೆ ತಾಯಿಯ ಮಡಿಲೇ ತಕ್ಕ ಸ್ಥಳವೆಂದು ಅವನ ಅಭಿಪ್ರಾಯ. ತಾಯಿಯನ್ನೇ ಒಳಗೆ ಕರಕೊಂಡು ಕೂಸಿನ ಪಕ್ಕದಲ್ಲಿ ಮಲಗಿಸುವದು ಆಗ ಸಾಮಾನ್ಯ ವಾಡಿಕೆಯಾಗಿರಲಿಲ್ಲ. ಬಳಿಕ ಬಂದವರು ಅದಕ್ಕೆ ವಿರೋಧವಾಗಿಯೇ ನಡೆದರು. ತಂದೆತಾಯಿಗಳು ವಾರಕ್ಕೆ ಒಂದೆರಡು ಗಳಿಗೆ ಮಾತ್ರ ಬಂದು ಮಗುವನ್ನು ನೋಡಬಹುದೆಂದು ಅನೇಕ ಆಸ್ಪತ್ರೆಗಳು ಕಟ್ಟು ಮಾಡಿದವು. ಅಗಲಿದ ಮಕ್ಕಳು ಮೊದಲು ಅತ್ತು, ಆಮೇಲೆ ಸುಮ್ಮನಾಗುವದನ್ನು ಕಂಡು, ರೂಢಿಯಾಯಿತೆಂದು ತಿಳಿದರು. ಆ ಸುಮ್ಮನಿರುವಿಕೆಯು ಸಮಾಧಾನವಲ್ಲ, ನಿರಾಶೆಯೆಂಬದು ಬಹಳ ತಡವಾಗಿ ತಿಳಿಯಿತು. 1959ರಲ್ಲಿ ಇಂಗ್ಲೆಂಡಿನ ಸರಕಾರವು ನೇಮಿಸಿದ ಪ್ಲ್ಯಾಟ್ ಕಮಿಟಿಯು, ತಂದೆತಾಯಿಗಳನ್ನು ಯಾವಾಗಲೂ ಬರಗೊಡಿಸಬೇಕು, ಚಿಕ್ಕ ಮಕ್ಕಳ ತಾಯಂದಿರನ್ನು ಆಸ್ಪತ್ರೆಯಲ್ಲಿಯೇ ಇರಗೊಡಿಸಬೇಕು ಎಂದು ಬರೆಯಿತು. ಗ್ರೇಟ್ ಆರ್ಮಂಡ್ ಬೀದಿಯಲ್ಲಿ ಆ ಆಸ್ಪತ್ರೆಯು ಈಗಲೂ ಇದೆ. ಈಗ ಅಲ್ಲಿ ಮಗುವಿನ ಮಂಚದ ಪಕ್ಕದಲ್ಲಿ ತಾಯಿಯಾಗಲಿ ತಂದೆಯಾಗಲಿ ರಾತ್ರಿ ಮಲಗುವದಕ್ಕೆ ಸ್ಥಳ ಕೊಡುತ್ತಾರೆ.